ಸಿಲ್ಲಿ ಬಂಡೆಗಳ ದುರಂತ: ತಪ್ಪಿದ್ದು ರೇಖಾಂಶವೊಂದೇ ಅಲ್ಲ

ಇಂಗ್ಲೆಂಡಿನ ನೈಋತ್ಯ ತುದಿಯಾದ ಕಾರ್ನ್‌ವಾಲ್‌ನ ಭೂಶಿರದಿಂದ ಸುಮಾರು 45 ಕಿ.ಮೀ. ದೂರದಲ್ಲಿ ಸಿಲ್ಲಿ ದ್ವೀಪಸ್ತೋಮವಿದೆ. ಜನವಸತಿ ಇರುವುದು ಐದು ದ್ವೀಪಗಳಲ್ಲಿ ಮಾತ್ರ. ಸುತ್ತಲೂ ಭರತದಲ್ಲಿ ಮುಳುಗಿ ಇಳಿತದಲ್ಲಿ ತಲೆಯೆತ್ತುವ ಗ್ರಾನೈಟ್ ಬಂಡೆಗಳು. ಅಟ್ಲಾಂಟಿಕ್‌ನಿಂದ ಇಂಗ್ಲಿಷ್ ಕಡಲ್ಗಾಲುವೆಗೆ ತಿರುಗುವ ಹಡಗುಗಳ ದಾರಿಯ ಅಂಚಿನಲ್ಲೇ ಇವು ನಿಂತಿವೆ.

1707ರ ಅಕ್ಟೋಬರ್ 22ರ ರಾತ್ರಿ (ಅಂದು ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ಹಳೆಯ ಪಂಚಾಂಗದಂತೆ) ಅಡ್ಮಿರಲ್ ಕ್ಲೌಡ್‌ಸ್ಲೆ ಶೊವೆಲ್ ನೇತೃತ್ವದ ನೌಕಾಪಡೆ ಮೆಡಿಟರೇನಿಯನ್ ಸಮರದಿಂದ ತಾಯ್ನಾಡಿಗೆ ಮರಳುತ್ತಿತ್ತು. ಹಲವು ದಿನಗಳ ಕೆಟ್ಟ ಹವೆಯ ಬಳಿಕ, ಮುಂದೆ ಕಡಲ್ಗಾಲುವೆ ತೆರೆದಿದೆ ಎಂದು ನಂಬಿ ಹಡಗುಗಳು ಹಾಯಿ ಬಿಚ್ಚಿದವು. ಎದುರಾದದ್ದು ಬಂಡೆ. ಅಸೋಸಿಯೇಷನ್, ಈಗಲ್, ರಾಮ್ನಿ, ಫೈರ್‌ಬ್ರ್ಯಾಂಡ್ ಎಂಬ ನಾಲ್ಕು ನೌಕೆಗಳು ನಾಶವಾದವು. ಸತ್ತವರ ಸಂಖ್ಯೆಯನ್ನು 1,400ರಿಂದ 2,000ದವರೆಗೆ ಅಂದಾಜಿಸಲಾಗಿದೆ. ಮೊದಲೆರಡು ನೌಕೆಗಳಲ್ಲಿ ಒಬ್ಬರೂ ಬದುಕಲಿಲ್ಲ; ರಾಮ್ನಿಯಿಂದ ಬದುಕಿ ಬಂದವನು ಒಬ್ಬನೇ. ಅಡ್ಮಿರಲ್‌ನ ಶವ ಸೇಂಟ್ ಮೇರೀಸ್ ದ್ವೀಪದ ದಡದಲ್ಲಿ ಸಿಕ್ಕಿತು. ದಾರಿ ತಪ್ಪಿದೆಯೆಂದು ಎಚ್ಚರಿಸಿದ ನಾವಿಕನೊಬ್ಬನನ್ನು ಆತ ಗಲ್ಲಿಗೇರಿಸಿದನೆಂಬ ಕಥೆ ಇಂದಿಗೂ ಜನಪ್ರಿಯವಾಗಿದೆ. ಅದಕ್ಕೆ ಆಧಾರವಿಲ್ಲ.

ಈ ದುರಂತವನ್ನು ಸಾಮಾನ್ಯವಾಗಿ ರೇಖಾಂಶದ ಸಮಸ್ಯೆಗೆ ಉದಾಹರಣೆಯಾಗಿ ಹೇಳಲಾಗುತ್ತದೆ. ಮಧ್ಯಾಹ್ನದ ಸೂರ್ಯನ ಎತ್ತರವನ್ನು ಅಳೆದರೆ ಅಕ್ಷಾಂಶ ತಿಳಿಯುತ್ತದೆ. ಪೂರ್ವ-ಪಶ್ಚಿಮವಾಗಿ ಎಷ್ಟು ಸಾಗಿದ್ದೇವೆಂದು ತಿಳಿಯಲು ಊರಿನ ಸಮಯವನ್ನು ತೋರಿಸುವ ಗಡಿಯಾರ ಬೇಕು. ತುಯ್ದಾಡುವ ಹಡಗಿನಲ್ಲಿ ಅಂದಿನ ಲೋಲಕದ ಗಡಿಯಾರಗಳು ಸರಿಯಾಗಿ ನಡೆಯುತ್ತಿರಲಿಲ್ಲ. 1714ರಲ್ಲಿ ಬ್ರಿಟಿಷ್ ಸಂಸತ್ತು ಪರಿಹಾರಕ್ಕೆ 20,000 ಪೌಂಡ್‌ಗಳವರೆಗೆ ಬಹುಮಾನ ಘೋಷಿಸಿತು. ಜಾನ್ ಹ್ಯಾರಿಸನ್‌ನ ನೌಕಾ ಗಡಿಯಾರ ಆ ಮೇಲೆ ಬಂದದ್ದು.

ಆದರೆ ಪಾರಾದ ಹಡಗುಗಳ ದಿನಚರಿ ಪುಸ್ತಕಗಳನ್ನು 20ನೆಯ ಶತಮಾನದಲ್ಲಿ ಪರಿಶೀಲಿಸಿದಾಗ ಅಕ್ಷಾಂಶದ ಲೆಕ್ಕವೂ ಬಹಳ ತಪ್ಪಿದ್ದುದು ಕಂಡುಬಂದಿತು. ಅದು ಸರಿಯಾಗಿದ್ದಿದ್ದರೆ ರೇಖಾಂಶ ಎಷ್ಟೇ ತಪ್ಪಿದ್ದರೂ ಹಡಗುಗಳು ದ್ವೀಪಗಳ ದಕ್ಷಿಣಕ್ಕೆ ಹಾದುಹೋಗುತ್ತಿದ್ದವು. ಮೋಡದಲ್ಲಿ ಸೂರ್ಯದರ್ಶನ ದುರ್ಲಭ. ದಿಕ್ಸೂಚಿಗಳನ್ನು ನಂಬುವಂತಿರಲಿಲ್ಲ. ಅನೇಕ ನಕಾಶೆಗಳು ದ್ವೀಪಗಳನ್ನು ಇದ್ದುದಕ್ಕಿಂತ ಉತ್ತರಕ್ಕೆ ತೋರಿಸುತ್ತಿದ್ದವು. ಖಗೋಳಜ್ಞ ಎಡ್ಮಂಡ್ ಹ್ಯಾಲಿ ಈ ಬಗ್ಗೆ ದುರಂತಕ್ಕೆ ಕೆಲವು ವರ್ಷ ಮೊದಲೇ ಮುದ್ರಿತ ಎಚ್ಚರಿಕೆ ನೀಡಿದ್ದನೆಂಬುದು ಗಮನಾರ್ಹ.

ಇನ್ನೊಂದು ಸಂಭವನೀಯ ಕಾರಣವನ್ನು ಸೂಚಿಸಿದವನು ಭಾರತಕ್ಕೆ ಪರಿಚಿತ ವ್ಯಕ್ತಿ. ಬಂಗಾಳದ ಸರ್ವೇಯರ್ ಜನರಲ್ ಆಗಿದ್ದ ಜೇಮ್ಸ್ ರೆನ್ನೆಲ್, ಸಿಲ್ಲಿಯ ಪಶ್ಚಿಮಕ್ಕೆ ಹಡಗುಗಳನ್ನು ಉತ್ತರಕ್ಕೆ ತಳ್ಳುವ ಪ್ರವಾಹವೊಂದಿದೆಯೆಂದು 1793ರಲ್ಲಿ ವಿವರಿಸಿದ. ಬಿಸ್ಕೆ ಕೊಲ್ಲಿಯಲ್ಲಿ ಬಲವಾದ ಪಶ್ಚಿಮದ ಗಾಳಿ ಬೀಸಿದ ಬಳಿಕ ಅದು ಹೆಚ್ಚುವುದೆಂಬುದು ಆತನ ಅಭಿಪ್ರಾಯ.

ಅಲ್ಲಿನ ಬಿಷಪ್ ರಾಕ್ ಬಂಡೆಯ ಮೇಲೆ ಕಟ್ಟುತ್ತಿದ್ದ ಕಬ್ಬಿಣದ ದೀಪಸ್ತಂಭವನ್ನು 1850ರಲ್ಲಿ ಬಿರುಗಾಳಿ ಕಿತ್ತೊಯ್ದಿತು. ಕಲ್ಲಿನ ಸ್ತಂಭದಲ್ಲಿ ದೀಪ ಬೆಳಗಿದ್ದು 1858ರಲ್ಲಿ. ಆದರೂ 1875ರ ಮೇ 7ರಂದು ದಟ್ಟ ಮಂಜಿನಲ್ಲಿ ಜರ್ಮನಿಯ ಪ್ರಯಾಣಿಕ ಹಡಗು ಶಿಲ್ಲರ್ ಅದೇ ಪರಿಸರದಲ್ಲಿ ಬಂಡೆಗೆ ಬಡಿದು 300ಕ್ಕೂ ಹೆಚ್ಚು ಜನ ಸತ್ತರು.

1967ರ ಮಾರ್ಚ್ 18ರ ಕಥೆ ಬೇರೆ. ಸುಮಾರು 1,19,000 ಟನ್ ಕಚ್ಚಾ ತೈಲ ಹೊತ್ತಿದ್ದ ಟೋರಿ ಕ್ಯಾನ್ಯನ್ ಟ್ಯಾಂಕರ್ ಸಿಲ್ಲಿ ಹಾಗೂ ಭೂಶಿರದ ನಡುವಿನ ಸೆವೆನ್ ಸ್ಟೋನ್ಸ್ ಬಂಡೆಗಳಿಗೆ ಅಪ್ಪಳಿಸಿತು. ಹಡಗಿನಲ್ಲಿ ರೇಡಾರ್ ಇತ್ತು, ನಕಾಶೆಯಲ್ಲಿ ಬಂಡೆಗಳೂ ಇದ್ದವು. ಬಂದರಿನ ಭರತಕ್ಕೆ ಸರಿಯಾಗಿ ತಲುಪುವ ಅವಸರದಲ್ಲಿ ಕಪ್ತಾನ ಹತ್ತಿರದ ದಾರಿ ಹಿಡಿದಿದ್ದ.