ಕ್ಯಾಮೆರಾ ಹಗುರ, ಚೀಲ ಭಾರ

1927ರ ಏಪ್ರಿಲ್ 10. ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಿ ಹಿಮ ಇನ್ನೂ ಪೂರ್ತಿ ಕರಗಿರಲಿಲ್ಲ. ಇಪ್ಪತ್ತೈದರ ಆನ್ಸೆಲ್ ಆ್ಯಡಮ್ಸ್ ಕೊರೊನಾ ಕ್ಯಾಮೆರಾ, ಟ್ರೈಪಾಡ್, ಹನ್ನೆರಡು ಗಾಜಿನ ಪ್ಲೇಟು ಹೊತ್ತು ಬೆಟ್ಟ ಹತ್ತಿದರು. ಹಾಫ್ ಡೋಮ್ ಬಂಡೆಯೆದುರು ನಿಂತಾಗ ಉಳಿದದ್ದು ಎರಡೇ ಪ್ಲೇಟು. ಒಂದನ್ನು ಹಳದಿ ಫಿಲ್ಟರ್ ಹಾಕಿ ತೆಗೆದರು, ಸಮಾಧಾನವಾಗಲಿಲ್ಲ. ಕೊನೆಯದಕ್ಕೆ ಕಡುಗೆಂಪು ಫಿಲ್ಟರ್ ಹಾಕಿದರು. ಆಕಾಶ ಕಪ್ಪಗೆ ಮೂಡಿದ ಆ ಚಿತ್ರವೇ ‘ಮೊನೊಲಿತ್’.

ಅಂಥ ದೊಡ್ಡ ಕ್ಯಾಮೆರಾ ಹೊತ್ತು ಬೆಟ್ಟ ಹತ್ತುವ ಗುಂಗಿನವರು ಈಗಲೂ ಇದ್ದಾರೆ. 4×5 ಇಂಚಿನ ಫಿಲ್ಮ್ ಹಾಳೆಯಲ್ಲಿ ಚಿತ್ರಕ್ಕೆ ಸಿಗುವ ಜಾಗ 35 ಎಂಎಂ ಫಿಲ್ಮಿನ ಸುಮಾರು 13 ಪಟ್ಟು. ಕ್ಯಾಮೆರಾದ ತೂಕ ಮಾತ್ರ ಇಳಿದಿದೆ. ಇಂಗ್ಲೆಂಡಿನ ಬ್ರೈಟನ್‌ನಲ್ಲಿ 2014ರಲ್ಲಿ ಜನರಿಂದ ಹಣ ಕೂಡಿಸಿ ಶುರುವಾದ ಇಂಟ್ರೆಪಿಡ್‌ನ ಪ್ಲೈವುಡ್ ಕ್ಯಾಮೆರಾ ಸುಮಾರು 1.2 ಕೆಜಿ. ಚೀನಾದ ಶಮೊನಿ, ಜಪಾನಿನ ಹಳೆಯ ತಚಿಹಾರ ಒಂದೂವರೆ ಕೆಜಿಯ ಆಸುಪಾಸು.

ಈ ಅಂಕಿಗಳಿಗೆ ಮರುಳಾಗುವುದೇ ಹೊಸಬರ ಎಡವಟ್ಟು. ಫಿಲ್ಮ್ ತುಂಬಿಕೊಳ್ಳುವ ಒಂದು ಹೋಲ್ಡರಿಗೆ ಎರಡೇ ಹಾಳೆ. ಹತ್ತು ಚಿತ್ರಕ್ಕೆ ಐದು ಹೋಲ್ಡರ್, ಮೇಲೆ ಲೆನ್ಸು, ಕರಿಬಟ್ಟೆ, ಲೂಪು, ಲೈಟ್ ಮೀಟರ್, ಟ್ರೈಪಾಡ್. ಕ್ಯಾಮೆರಾದಲ್ಲಿ ಉಳಿಸಿದ ಮುನ್ನೂರು ಗ್ರಾಂ ಇಷ್ಟರ ನಡುವೆ ಎಲ್ಲಿ ಹೋಯಿತೋ!

ಕ್ಯಾಮೆರಾಕ್ಕಿಂತ ಮೊದಲು ನಿರ್ಧರಿಸಬೇಕಾದದ್ದು ಲೆನ್ಸು; ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆ ಕೊಳವೆ, ಅಂದರೆ ಬೆಲ್ಲೋಸ್, ಎಷ್ಟು ಚಾಚಬೇಕೆಂಬುದು ಅದರ ಮೇಲೆ ನಿಂತಿದೆ. ದೂರದ ಬೆಟ್ಟ ತೆಗೆಯಲು 150 ಎಂಎಂ ಲೆನ್ಸಿಗೆ ಬೆಲ್ಲೋಸ್ 15 ಸೆಂ.ಮೀ. ಚಾಚಿದರೆ ಸಾಕು. ಅದೇ ಲೆನ್ಸಿನಲ್ಲಿ ಒಂದು ಹೂವನ್ನು ಅದರ ನಿಜ ಅಳತೆಯಲ್ಲೇ ಫಿಲ್ಮಿಗಿಳಿಸಲು 30 ಸೆಂ.ಮೀ. ಬೇಕು. ಹಲವು ಹಗುರ ಕ್ಯಾಮೆರಾಗಳ ಬೆಲ್ಲೋಸ್ ಮುಗಿಯುವುದೇ ಅಲ್ಲಿಗೆ. ನಿಕ್ಕಾರ್-ಎಂ 300 ಎಂಎಂ ಲೆನ್ಸು ಮುನ್ನೂರು ಗ್ರಾಮಿಗಿಂತ ಹಗುರವೇನೋ ಹೌದು. ಆದರೆ ಅಂಥ ಕ್ಯಾಮೆರಾದಲ್ಲಿ ಅದಕ್ಕೆ ದೂರದ ಗುಡ್ಡ ದಕ್ಕಿದರೂ ಎದುರು ಕೂತವರ ಮುಖ ಫೋಕಸ್ಸಿಗೆ ಬರುವುದಿಲ್ಲ. ಎಫ್/9 ಆದ್ದರಿಂದ ಸಂಜೆ ಹೊತ್ತಿಗೆ ಕರಿಬಟ್ಟೆಯೊಳಗೆ ಫೋಕಸ್ ನೋಡುವ ಗ್ರೌಂಡ್ ಗ್ಲಾಸ್ ಮೇಲಿನ ತಲೆಕೆಳಗಾದ ಚಿತ್ರವೂ ಮಂಕು.

ಗಾಳಿಯ ಕಾಟ ಬೇರೆ. ಪೂರ್ತಿ ಚಾಚಿದ ಬೆಲ್ಲೋಸ್ ಹಾಯಿಯಂತೆ ಗಾಳಿ ಹಿಡಿಯುತ್ತದೆ. ಹಗುರ ಕ್ಯಾಮೆರಾ, ಬಡಕಲು ಟ್ರೈಪಾಡ್ ಜೊತೆಯಾದರೆ ಎರಡು ಸೆಕೆಂಡಿನ ಎಕ್ಸ್‌ಪೋಷರ್ ಕೈಗೂಡಿದಂತೆಯೇ!

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಜೇಬಿನಲ್ಲೊಂದು ಸಣ್ಣ ಟಾರ್ಚು ಇಟ್ಟುಕೊಂಡು ಹೋಗುವುದು ಒಳ್ಳೆಯದು. ಕೋಣೆ ಕತ್ತಲು ಮಾಡಿ, ಬೆಲ್ಲೋಸ್ ಪೂರ್ತಿ ಚಾಚಿ, ಒಳಗಿನಿಂದ ಬೆಳಕು ಬಿಟ್ಟರೆ ಮಡಿಕೆಗಳ ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಹೊಳೆಯುತ್ತದೆ. ಒಂದೆರಡಾದರೆ ಕಪ್ಪು ಟೇಪು ಸಾಕು. ನಕ್ಷತ್ರಲೋಕವೇ ಕಂಡರೆ ಹೊಸ ಬೆಲ್ಲೋಸ್ ಖರ್ಚು ಮುರಿದುಕೊಂಡು ರೇಟು ಮಾತಾಡಬೇಕು.