ತಂತಿಯಿಲ್ಲದ ಬೈರಿಗೆ

ಬೈರಿಗೆ ಎಂಬ ಮಾತನ್ನು ಇಂದಿನ ಕಿರಿಯರಲ್ಲಿ ಹಲವರು ಕೇಳಿರಲಾರರು. ಮರಕ್ಕೆ ತೂತು ಕೊರೆಯುವ ಬಡಗಿಯ ಸಾಧನಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಅದು. ಅದೇ ಕೆಲಸ ಮಾಡುವ ಯಂತ್ರವನ್ನು ಈಗ ಎಲ್ಲರೂ ‘ಡ್ರಿಲ್ಲಿಂಗ್ ಮಷೀನ್’ ಎನ್ನುತ್ತಾರೆ. ಬ್ಯಾಟರಿಯಿಂದ ನಡೆಯುವುದಾದರೆ ‘ಕಾರ್ಡ್‌ಲೆಸ್’ ಎನ್ನುತ್ತಾರೆ. ಹೆಸರು ಬದಲಾದುದಕ್ಕೆ ಕನ್ನಡದ ಅಧ್ಯಾಪಕನಾಗಿದ್ದ ನನಗೆ ತಕರಾರಿಲ್ಲ. ವಸ್ತು ಬಂದಾಗ ಅದರೊಡನೆ ಹೆಸರೂ ಬರುತ್ತದೆ. ನನ್ನ ಕಳವಳ ಬೇರೆಯದು. ಹಳೆಯ ಬೈರಿಗೆಯನ್ನು ಹಿಡಿಯುವ ವಿದ್ಯೆ ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಬರುತ್ತಿತ್ತು. ಹೊಸ ಬೈರಿಗೆಯಾದರೋ ಅಂಗಡಿಯಿಂದ ನೇರವಾಗಿ ಕೈಗೆ ಬರುತ್ತದೆ. ಅದರ ಪೆಟ್ಟಿಗೆಯೊಳಗಿನ ಸೂಚನೆಯ ಪುಸ್ತಿಕೆಯನ್ನು ಬಿಡಿಸಿ ನೋಡುವವರು ವಿರಳ. ನಿವೃತ್ತನಾದ ಮೇಲೆ, ಪುಸ್ತಕಗಳಿಗೆ ಹಲಗೆ ಜೋಡಿಸುವ ನೆಪದಲ್ಲಿ ನಾನೂ ಈ ಯಂತ್ರದ ಸಹವಾಸ ಮಾಡಿದ್ದೇನೆ. ಓದಿ, ಕೇಳಿ, ಮಾಡಿ ತಿಳಿದ ಕೆಲವು ಸಂಗತಿಗಳನ್ನು ಇಂದು ಕೇಳುಗರ ಮುಂದೆ ಇಡಬೇಕೆಂದಿದ್ದೇನೆ.

ಕೊರೆಯುವ ವಿದ್ಯೆ ಮನುಷ್ಯನಿಗೆ ಬಹು ಹಳೆಯದು. ಇಂದಿನ ಪಾಕಿಸ್ತಾನದ ಬಲೂಚಿಸ್ತಾನದಲ್ಲಿರುವ ಮೆಹರ್‌ಗಢದ ಪುರಾತನ ಸಮಾಧಿಗಳಲ್ಲಿ, ಮನುಷ್ಯರು ಬದುಕಿದ್ದಾಗಲೇ ಕೊರೆದ ದವಡೆಹಲ್ಲುಗಳು ದೊರೆತಿವೆ. ಅವು ಸುಮಾರು 7,500ರಿಂದ 9,000 ವರ್ಷಗಳಷ್ಟು ಹಿಂದಿನವೆಂದು 2006ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಕಲ್ಲಿನ ಮೊನೆಯನ್ನು ಕಡ್ಡಿಗೆ ಸಿಕ್ಕಿಸಿ, ಕಡ್ಡಿಗೆ ಬಿಲ್ಲಿನ ದಾರವನ್ನು ಸುತ್ತಿ, ಬಿಲ್ಲನ್ನು ಹಿಂದಕ್ಕೂ ಮುಂದಕ್ಕೂ ಎಳೆದು ಕೊರೆಯುವ ಉಪಾಯವೇ ಅಲ್ಲಿಯೂ ಬಳಕೆಯಾಗಿರಬೇಕೆಂಬುದು ಅವರ ಅಭಿಪ್ರಾಯ. ನಮ್ಮ ಊರುಗಳ ಬಡಗಿಗಳು ಕಲ್ಲಿನ ಬದಲು ಉಕ್ಕಿನ ಮೊನೆಯಿಟ್ಟು ನಡೆಸಿದ್ದೂ ಇದೇ ಉಪಾಯವನ್ನು.

ವಿದ್ಯುತ್ತು ಬಂದ ಮೇಲೆ ಈ ಕಥೆ ವೇಗ ಪಡೆಯಿತು. 1889ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಆರ್ಥರ್ ಜೇಮ್ಸ್ ಆರ್ನಾಟ್ ಮತ್ತು ವಿಲಿಯಂ ಬ್ಲಾಂಚ್ ಬ್ರೇನ್ ಎಂಬವರು ವಿದ್ಯುತ್ ಬೈರಿಗೆಗೆ ಹಕ್ಕುಪತ್ರ ಪಡೆದರು. 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಸಂಸ್ಥೆ ಅದನ್ನು ಕೈಯಲ್ಲಿ ಎತ್ತಿ ಒಯ್ಯುವಂತೆ ಮಾಡಿತು. 1910ರ ದಶಕದಲ್ಲಿ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ ಸಂಸ್ಥೆಯವರು ಅದಕ್ಕೆ ಪಿಸ್ತೂಲಿನ ಹಿಡಿಯನ್ನೂ ಬೆರಳಿನಿಂದ ಒತ್ತುವ ಕುದುರೆಯನ್ನೂ ಕೊಟ್ಟರು. ಅದೇ ಸಂಸ್ಥೆ 1961ರಲ್ಲಿ ನಿಕಲ್-ಕ್ಯಾಡ್ಮಿಯಮ್ ಬ್ಯಾಟರಿಯಿಂದ ನಡೆಯುವ, ತಂತಿಯಿಲ್ಲದ ಬೈರಿಗೆಯನ್ನು ಹೊರತಂದಿತು. 2005ರ ಸುಮಾರಿಗೆ ಲಿಥಿಯಮ್-ಅಯಾನ್ ಬ್ಯಾಟರಿಗಳು ಬಂದುವು. ಯಂತ್ರ ಹಗುರವಾಯಿತು, ಬಲ ಹೆಚ್ಚಿತು. ಯಂತ್ರಶಾಲೆಯಲ್ಲಿದ್ದುದು ಹೀಗೆ ನಮ್ಮ ಅಡುಗೆಮನೆಯ ಕಪಾಟಿನವರೆಗೆ ಬಂದಿದೆ.

ಈ ಇತಿಹಾಸವನ್ನು ಹೇಳಿದುದು ಒಂದು ಭೇದವನ್ನು ತೋರಿಸುವುದಕ್ಕಾಗಿ. ಬಿಲ್ಲಿನ ಬೈರಿಗೆಯ ಬಲ ಬಡಗಿಯ ತೋಳಿನ ಬಲವೇ ಹೊರತು ಬೇರೆಯಲ್ಲ. ಮೊನೆ ಮರದ ಗಂಟಿಗೆ ಸಿಕ್ಕಿಕೊಂಡರೆ ದಾರ ಜಾರುತ್ತಿತ್ತು, ಇಲ್ಲವೆ ತೋಳು ತಾನಾಗಿ ನಿಲ್ಲುತ್ತಿತ್ತು. ಆಯುಧವು ತನ್ನ ಒಡೆಯನಿಗಿಂತ ಬಲಶಾಲಿಯಾಗಿರಲಿಲ್ಲ. ಹೊಸ ಬೈರಿಗೆಯ ಬಲ ನಮ್ಮದಲ್ಲ. ನಾವು ಅದಕ್ಕೆ ಅಪ್ಪಣೆ ಕೊಡುವವರು ಮಾತ್ರ. ಮೊನೆ ಸಿಕ್ಕಿಕೊಂಡಾಗ ಒಳಗಿನ ಮೋಟಾರಿಗೆ ಅದು ತಿಳಿಯದು. ಅದು ತಿರುಗಿಸಲೇಬೇಕು. ಮೊನೆ ತಿರುಗದಿದ್ದರೆ ಯಂತ್ರದ ಮೈಯೇ ತಿರುಗುತ್ತದೆ, ಅದನ್ನು ಹಿಡಿದ ಮಣಿಕಟ್ಟೂ ಅದರೊಡನೆ ತಿರುಗುತ್ತದೆ.

ಆ ಬಲ ಎಷ್ಟೆಂಬುದನ್ನು ಲೆಕ್ಕದಿಂದಲೇ ನೋಡೋಣ. 18 ವೋಲ್ಟಿನ ಸಾಧಾರಣ ಯಂತ್ರವೊಂದರ ತಿರುಚುಬಲ ಸುಮಾರು 50 ನ್ಯೂಟನ್-ಮೀಟರ್. ದೊಡ್ಡವುಗಳಲ್ಲಿ ಅದು 100ನ್ನೂ ಮೀರುತ್ತದೆ. ಮೊನೆಯ ನೇರದಿಂದ 10 ಸೆಂಟಿಮೀಟರ್ ಕೆಳಗೆ ನಮ್ಮ ಮುಷ್ಟಿಯಿದೆಯೆನ್ನೋಣ. ಮೊನೆ ಸಿಕ್ಕಿಕೊಂಡ ಕ್ಷಣದಲ್ಲಿ ಆ ಮುಷ್ಟಿಯ ಮೇಲೆ ಬೀಳುವ ಸೆಳೆತ ಸುಮಾರು 50 ಕಿಲೋ ತೂಕಕ್ಕೆ ಸಮ. ಒಂದು ಮೂಟೆ ಸಿಮೆಂಟನ್ನು, ಮುನ್ಸೂಚನೆಯಿಲ್ಲದೆ, ಮಣಿಕಟ್ಟಿಗೆ ಅಡ್ಡಲಾಗಿ ಜೋತುಬಿಟ್ಟಂತೆ! ಯಂತ್ರದೊಡನೆ ಬರುವ ಪಕ್ಕದ ಹಿಡಿಕೆಯನ್ನು ಜೋಡಿಸಿ, 30 ಸೆಂಟಿಮೀಟರ್ ದೂರದಲ್ಲಿ ಇನ್ನೊಂದು ಕೈಯಿಂದ ಹಿಡಿದರೆ ಅದೇ ಬಲವನ್ನು ತಡೆಯಲು 17 ಕಿಲೋಗಳಷ್ಟು ಶಕ್ತಿ ಸಾಕು. ಸನ್ನೆಗೋಲಿನ ಈ ಪಾಠವನ್ನು ಶಾಲೆಯಲ್ಲಿ ಕಲಿತವರೂ ಕೆಲಸದ ಹೊತ್ತಿನಲ್ಲಿ ಆ ಹಿಡಿಕೆಯನ್ನು ಪೆಟ್ಟಿಗೆಯಲ್ಲಿಯೇ ಬಿಟ್ಟಿರುತ್ತಾರೆ.

ಮೊನೆ ಸಿಕ್ಕಿಕೊಳ್ಳುವುದು ಅನುಭವವಿಲ್ಲದವರಿಗೆ ಮಾತ್ರ ಒದಗುವ ಸಂಕಟವೆಂದು ತಿಳಿಯಬಾರದು. 1971ರಲ್ಲಿ ಅಪೋಲೋ-15ರ ಯಾತ್ರಿಕ ಡೇವಿಡ್ ಸ್ಕಾಟ್ ಚಂದ್ರನ ನೆಲವನ್ನು ಬ್ಯಾಟರಿಯ ಬೈರಿಗೆಯಿಂದ ಕೊರೆಯಲು ಹೊರಟರು. ಮೂರು ಮೀಟರ್ ಆಳಕ್ಕೆ ಇಳಿಯಬೇಕಾಗಿದ್ದ ಮೊದಲ ರಂಧ್ರ ಒಂದೂವರೆ ಮೀಟರ್ ದಾಟಿದ ಮೇಲೆ ಮುಂದೆ ಸಾಗಲಿಲ್ಲ. ಕೊರೆದ ಪುಡಿ ಮೇಲಕ್ಕೆ ಬರುವುದಕ್ಕಾಗಿ ಕೊಳವೆಯ ಮೈಮೇಲೆ ಸುರುಳಿ ಕಾಲುವೆಯಿತ್ತು. ಕೊಳವೆಗಳ ಕೀಲುಗಳಲ್ಲಿ ಆ ಕಾಲುವೆಗೆ ತಡೆಯುಂಟಾಗಿ ಪುಡಿ ಅಲ್ಲಿಯೇ ಗಟ್ಟಿಯಾಗಿ ತುಂಬಿಕೊಂಡಿತು. ಮುಂದಿನ ಯಾತ್ರೆಗೆ ಕೊಳವೆಯ ರಚನೆಯನ್ನೇ ತಿದ್ದಬೇಕಾಯಿತು. ನಮ್ಮ ಗೋಡೆಯಲ್ಲಿ ನಡೆಯುವುದೂ ಇದೇ. ಆದುದರಿಂದ ಆಳವಾಗಿ ಕೊರೆಯುವಾಗ ಬಿಟ್ಟನ್ನು ಆಗಾಗ ಹೊರಗೆಳೆದು ಪುಡಿಯನ್ನು ಹೊರಹಾಕಬೇಕು. ಮೈಭಾರವೆಲ್ಲವನ್ನೂ ಹೇರಿ ಒತ್ತಬಾರದು. ಹರಿತವಾದ ಬಿಟ್ಟು ತಾನೇ ದಾರಿ ಮಾಡಿಕೊಳ್ಳುತ್ತದೆ. ಮೊಂಡಾದುದು ಮಾತ್ರ ನಮ್ಮ ಭಾರವನ್ನು ಬೇಡುತ್ತದೆ.

ಇನ್ನು ವಸ್ತುವನ್ನು ಹಿಡಿಯುವ ವಿಷಯ. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಮನೆಯೊಂದಕ್ಕೆ ಕಪಾಟು ಕೂರಿಸಲು ಒಬ್ಬ ತರುಣ ಬಡಗಿ ಬಂದಿದ್ದ. ಕೆಲಸದಲ್ಲಿ ಜಾಣ. ಅಂಗೈಯಗಲದ ತೆಳು ಕಬ್ಬಿಣದ ಪಟ್ಟಿಯೊಂದಕ್ಕೆ ತೂತು ಬೇಕಾಯಿತು. ಪಟ್ಟಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಕೊರೆದ. ಲೋಹದಲ್ಲಿ ಅಪಾಯದ ಗಳಿಗೆ ಮೊದಲಿನದಲ್ಲ, ಕೊನೆಯದು. ಬಿಟ್ಟು ಇನ್ನೇನು ಆಚೆ ಹಾಯುವುದೆನ್ನುವಾಗ ಅದರ ಅಂಚು ಉಳಿದ ತೆಳುಪದರವನ್ನು ಕಚ್ಚಿ ಹಿಡಿಯಿತು. ಪಟ್ಟಿ ಗಿರ್ರನೆ ತಿರುಗಿ ಆತನ ಅಂಗೈಯನ್ನು ಸೀಳಿತು. ಹೊಲಿಗೆ ಹಾಕಿಸಿಕೊಂಡು ಬಂದವನನ್ನು ನಾನು ಮಾತನಾಡಿಸಿದಾಗ, ‘ಒಂದೇ ತೂತಲ್ವಾ ಸಾರ್, ಅದಕ್ಕ್ಯಾಕೆ ಕ್ಲಾಂಪು ಅಂದ್ಕೊಂಡೆ’ ಎಂದ. ದಿನಗೂಲಿಯ ಆ ಹುಡುಗ ಆರು ವಾರ ಉಳಿಯನ್ನು ಹಿಡಿಯಲಾರದೆ ಕುಳಿತ. ನಮ್ಮಂಥವರಿಗೆ ಗಾಯವೆಂದರೆ ನೋವು. ಕೈಯಿಂದ ದುಡಿಯುವವನಿಗೆ ಗಾಯವೆಂದರೆ ನೋವಿನೊಡನೆ ಅಂಗಡಿಯ ಸಾಲ.

ಚಿಕ್ಕ ವಸ್ತುವನ್ನು ಎಂದಿಗೂ ಕೈಯಲ್ಲಿ ಹಿಡಿದು ಕೊರೆಯಬಾರದು. ಮೇಜಿಗೆ ಕ್ಲಾಂಪಿನಿಂದ ಬಿಗಿಯಬೇಕು. ಕೆಳಗೆ ಮರದ ತುಂಡೊಂದನ್ನು ಇಡಬೇಕು. ಬಿಟ್ಟು ಆಚೆ ಹಾಯುವ ಸಮಯಕ್ಕೆ ಒತ್ತಡವನ್ನು ಕಡಿಮೆ ಮಾಡಬೇಕು. ಕೊರೆದ ಬಿಟ್ಟನ್ನು ಕೂಡಲೇ ಮುಟ್ಟಬಾರದು. ಅದು ಬೆರಳನ್ನು ಸುಡುವಷ್ಟು ಕಾದಿರುತ್ತದೆ.

ಯಂತ್ರದ ಮೈಮೇಲಿನ ಗುರುತುಗಳನ್ನೂ ಓದಲು ಕಲಿಯಬೇಕು. ಬಿಟ್ಟನ್ನು ಹಿಡಿಯುವ ಚಕ್ಕಿನ ಹಿಂದೆ ಅಂಕಿಗಳಿರುವ ಒಂದು ಉಂಗುರವಿದೆ. ಅದು ಕ್ಲಚ್ಚು. ಹಳೆಯ ಬೈರಿಗೆಯಲ್ಲಿ ದಾರವು ಜಾರುತ್ತಿತ್ತೆಂದೆನಷ್ಟೆ. ಆ ಕೆಲಸವನ್ನು ಇಲ್ಲಿ ಮಾಡುವುದು ಇದೇ. ಸ್ಕ್ರೂ ಬಿಗಿಯುವಾಗ ಸಣ್ಣ ಅಂಕಿಯಿಂದ ತೊಡಗಿ, ಸಾಲದಿದ್ದರೆ ಮೇಲಕ್ಕೆ ಹೋಗಬೇಕು. ಉಂಗುರವನ್ನು ಬಿಟ್ಟಿನ ಚಿತ್ರವಿರುವ ಗುರುತಿಗೆ ತಿರುಗಿಸಿದರೆ ಕ್ಲಚ್ಚು ಜಾರುವುದಿಲ್ಲ, ಯಂತ್ರದ ಬಲವೆಲ್ಲ ಮೊನೆಗೆ ಹೋಗುತ್ತದೆ. ಆಗಲೇ ಎರಡು ಕೈಗಳೂ ಎರಡು ಪಟ್ಟು ಎಚ್ಚರವೂ ಬೇಕು. ಮೇಲೆ 1, 2 ಎಂದಿರುವ ಗುಂಡಿ ವೇಗದ್ದು. 1ರಲ್ಲಿ ವೇಗ ಕಡಿಮೆ, ತಿರುಚುಬಲ ಹೆಚ್ಚು. 2ರಲ್ಲಿ ಅದರ ವಿಪರ್ಯಯ. ನಿಧಾನವಾಗಿ ತಿರುಗುವುದರಿಂದ ಭಯವಿಲ್ಲವೆಂದುಕೊಳ್ಳುವುದು ಭ್ರಮೆ. ಮಣಿಕಟ್ಟನ್ನು ತಿರುಚುವುದು ಈ ನಿಧಾನದ ಗತಿಯೇ.

ತಂತಿಯಿಲ್ಲವೆಂಬ ಕಾರಣಕ್ಕೆ ಈ ಯಂತ್ರವನ್ನು ಸಾಧುವೆಂದು ಭಾವಿಸುವವರುಂಟು. ವಾಸ್ತವದಲ್ಲಿ ತಂತಿಯಿದ್ದ ಯಂತ್ರಕ್ಕೆ ಒಂದು ಗುಣವಿತ್ತು: ಪ್ಲಗ್ಗನ್ನು ಕಿತ್ತರೆ ಅದು ನಿಷ್ಪ್ರಾಣ. ಬ್ಯಾಟರಿಯಿರುವ ಯಂತ್ರ ಕಪಾಟಿನಲ್ಲಿದ್ದರೂ ಚೀಲದಲ್ಲಿದ್ದರೂ ಎಚ್ಚತ್ತೇ ಇರುತ್ತದೆ. ಬೆರಳಾಗಲಿ, ಚೀಲದ ಇನ್ನೊಂದು ಆಯುಧವಾಗಲಿ, ಮಗುವಿನ ಕುತೂಹಲವಾಗಲಿ ಕುದುರೆಯನ್ನು ಒತ್ತಿದರೆ ಸಾಕು. ಆದ್ದರಿಂದ ಬಿಟ್ಟು ಬದಲಿಸುವ ಮೊದಲು, ಯಂತ್ರವನ್ನು ಎತ್ತಿಡುವ ಮೊದಲು ಬ್ಯಾಟರಿಯನ್ನು ಕಳಚಬೇಕು. ಕೆಲಸದ ನಡುವೆ ಕ್ಷಣಕಾಲ ಕೆಳಗಿಡುವುದಾದರೆ, ಹಿಂದು-ಮುಂದು ತಿರುಗಿಸುವ ಗುಂಡಿಯನ್ನು ನಡುವಿಗೆ ತಂದು ನಿಲ್ಲಿಸಬೇಕು. ಆಗ ಕುದುರೆ ಅಲುಗದು. ಚಕ್ಕನ್ನು ಮುಷ್ಟಿಯಲ್ಲಿ ಹಿಡಿದು ಮೋಟಾರನ್ನು ತಿರುಗಿಸಿ ಬಿಟ್ಟು ಬಿಗಿಯುವ ಅಭ್ಯಾಸವನ್ನು ಅನೇಕ ಕೆಲಸಗಾರರಲ್ಲಿ ಕಂಡಿದ್ದೇನೆ. ಅದು ಚಾತುರ್ಯದಂತೆ ತೋರುತ್ತದೆ. ಅಂಗೈಯ ಚರ್ಮಕ್ಕೆ ಅದು ಚಾತುರ್ಯವಲ್ಲ.

ಉಡುಪಿನ ಮಾತನ್ನೂ ಹೇಳಬೇಕು. ಹೆಗಲ ಮೇಲಿನ ಟವೆಲ್ಲು, ಇಳಿಬಿಟ್ಟ ಸೆರಗು, ಕಟ್ಟದ ಜಡೆ, ಮುಂಗೈಗೆ ಸುತ್ತಿದ ದಾರ ಇವೆಲ್ಲವೂ ತಿರುಗುವ ಬಿಟ್ಟಿಗೆ ಆಹಾರ. ಕೈಗವಸು ರಕ್ಷೆಯೆಂದು ತೋರಿದರೂ ಸಡಿಲವಾದ ಕೈಗವಸು ತಿರುಗುವ ಭಾಗಕ್ಕೆ ಸುತ್ತಿಕೊಂಡು ಬೆರಳನ್ನೇ ಒಳಗೆಳೆದುಕೊಳ್ಳಬಲ್ಲುದು. ಕಣ್ಣಿಗೆ ಮಾತ್ರ ರಕ್ಷೆ ಅಗತ್ಯ. ಓದುವ ಕನ್ನಡಕ ಅದಕ್ಕೆ ಸಾಲದು. ಪಕ್ಕಗಳನ್ನೂ ಮುಚ್ಚುವ ಕನ್ನಡಕ ಬೇಕು, ಮೇಲ್ಛಾವಣಿಗೆ ಕೊರೆಯುವಾಗಲಂತೂ ಬೇಕೇ ಬೇಕು. ಕಾಂಕ್ರೀಟಿನ ನುಣುಪು ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ವರ್ಷಗಟ್ಟಲೆ ನಿಂತು ಕೆಡಿಸುತ್ತದೆ. ದಿನವೂ ಈ ಕೆಲಸ ಮಾಡುವವರಿಗೆ ಬಾಯಿಗೆ ಸುತ್ತಿದ ಕರವಸ್ತ್ರ ರಕ್ಷೆಯಲ್ಲ, ಸರಿಯಾದ ಮಾಸ್ಕೇ ಬೇಕು. ಹಳೆಯ ಕಲ್ನಾರಿನ ಶೀಟುಗಳನ್ನು ಮನೆಮಂದಿ ಕೊರೆಯದಿರುವುದೇ ಲೇಸು. ಅದರ ಎಳೆಗಳು ಕ್ಯಾನ್ಸರಿಗೆ ಕಾರಣವಾಗುತ್ತವೆ.

ಗೋಡೆಯ ವಿಷಯಕ್ಕೆ ಬಂದರೆ, ತಂತಿಯಿಲ್ಲದಿರುವುದರ ನಿಜವಾದ ಉಪಕಾರ ಇಲ್ಲಿದೆ. ಇದನ್ನು ಬಳಸಿಕೊಳ್ಳುವವರು ಮಾತ್ರ ಕಡಿಮೆ. ಬ್ಯಾಟರಿಯ 18 ವೋಲ್ಟು ನಮ್ಮನ್ನು ಹೊಡೆಯಲಾರದು. ಗೋಡೆಯೊಳಗೆ ಅಡಗಿರುವ 230 ವೋಲ್ಟಿನ ವೈರು ಕೊಲ್ಲಬಲ್ಲುದು. ಸ್ವಿಚ್ ಬೋರ್ಡಿನಿಂದ ವೈರುಗಳು ಸಾಮಾನ್ಯವಾಗಿ ನೇರ ಮೇಲಕ್ಕೆ, ಕೆಳಕ್ಕೆ, ಇಲ್ಲವೆ ಅಡ್ಡಲಾಗಿ ಹೋಗಿರುತ್ತವೆ. ನಲ್ಲಿಯ ಪೈಪುಗಳೂ ಹಾಗೆಯೇ. ಆ ನೇರವನ್ನು ತಪ್ಪಿಸಬೇಕು. ಅದಕ್ಕೂ ಮಿಗಿಲಾಗಿ, ಮನೆಯ ಮೈನ್ ಸ್ವಿಚ್ಚನ್ನೇ ಆರಿಸಿ ಹಗಲಿನ ಬೆಳಕಿನಲ್ಲಿ ಕೊರೆಯಬಹುದು. ತಂತಿಯ ಯಂತ್ರಕ್ಕೆ ಈ ಅನುಕೂಲವಿರಲಿಲ್ಲ. ಆಗಲೂ ಯಂತ್ರದ ಲೋಹದ ಭಾಗವನ್ನು ಮುಟ್ಟದೆ ರಬ್ಬರಿನ ಹಿಡಿಯನ್ನೇ ಹಿಡಿಯುವುದು ಒಳ್ಳೆಯದು. ಏಣಿಯ ಮೇಲೆ ನಿಂತು, ಒಂದು ಕೈಯಲ್ಲಿ ಏಣಿಯನ್ನು ಹಿಡಿದು ಮೈಚಾಚಿ ಕೊರೆಯುವುದಂತೂ ಕೂಡದು. ಯಂತ್ರ ತಿರುಚಿದರೆ ಬೀಳುವುದು ಯಂತ್ರವಲ್ಲ, ನಾವು.

ಕೊನೆಯದಾಗಿ ಬ್ಯಾಟರಿ. 18 ವೋಲ್ಟಿನ ಗಟ್ಟಿಯೊಳಗೆ 3.6 ವೋಲ್ಟಿನ ಐದು ಲಿಥಿಯಮ್ ಕೋಶಗಳು ಒಂದರ ಹಿಂದೊಂದು ಸಾಲಾಗಿರುತ್ತವೆ. ಮೊಳೆ, ಬೀಗದ ಕೈಗಳಿರುವ ಚೀಲಕ್ಕೆ ಅದನ್ನು ಬಿಡಿಯಾಗಿ ಹಾಕಿದರೆ, ಎರಡು ತುದಿಗಳಿಗೂ ಲೋಹ ತಗುಲಿ ಬೆಂಕಿ ಹತ್ತಬಹುದು. ಮುಚ್ಚಿದ ಕಾರಿನಲ್ಲಿ, ಬಿಸಿಲಿನಲ್ಲಿ ಇಡಬಾರದು. ಅದಕ್ಕೆಂದೇ ಇರುವ ಚಾರ್ಜರಿನಿಂದಲ್ಲದೆ ತುಂಬಬಾರದು. ಎತ್ತರದಿಂದ ಬಿದ್ದು ಬಿರಿದ, ಉಬ್ಬಿದ ಬ್ಯಾಟರಿಯನ್ನು ಮಿತವ್ಯಯದ ಹೆಸರಿನಲ್ಲಿ ಮತ್ತೆ ಬಳಸಬಾರದು. ಕಸದ ಬುಟ್ಟಿಗೂ ಎಸೆಯಬಾರದು. ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ.

ಇಷ್ಟು ನಿಯಮಗಳನ್ನು ಕೇಳಿ, ಒಂದು ತೂತಿಗೆ ಇಷ್ಟು ಶಾಸ್ತ್ರವೇ ಎಂದು ಕೆಲವರಿಗೆ ಅನಿಸಬಹುದು. ಇವೆಲ್ಲವನ್ನೂ ಪಾಲಿಸಲು ತಗಲುವ ಕಾಲ ಐದು ನಿಮಿಷ. ಆ ಐದು ನಿಮಿಷವನ್ನು ಕಸಿದುಕೊಳ್ಳುವವರು ಅನೇಕ ವೇಳೆ ಕೆಲಸಗಾರರಲ್ಲ, ಕೆಲಸ ಮಾಡಿಸುವ ನಾವು. ಬೇಗ ಮುಗಿಸಪ್ಪಾ, ಇನ್ನೂ ಆಗಲಿಲ್ಲವೇ ಎಂದು ಬಾಗಿಲಲ್ಲಿ ನಿಂತು ಅವಸರಿಸುತ್ತೇವೆ. ದಿನದ ಲೆಕ್ಕದಲ್ಲಿ ಕೂಲಿ ಕೊಡುವವನ ಅವಸರ ಕೂಲಿ ಪಡೆಯುವವನ ಬೆರಳಿನ ಮೇಲೆ ಬೀಳುತ್ತದೆ. ಮನೆಗೆ ಕೆಲಸಗಾರ ಬಂದಾಗ ಅವನಿಗೊಂದು ಕ್ಲಾಂಪು, ಒಂದು ಕನ್ನಡಕ, ಒಂದು ಭದ್ರವಾದ ಏಣಿ ಇದೆಯೇ ಎಂದು ಕೇಳೋಣ, ಇಲ್ಲದಿದ್ದರೆ ಒದಗಿಸೋಣ. ‘ನಿಧಾನವಾಗಿ ಮಾಡಪ್ಪಾ, ಅವಸರವೇನಿಲ್ಲ’ ಎಂಬ ಮಾತಿಗಂತೂ ಖರ್ಚಿಲ್ಲ. ಹಿಂದೆ ಬೈರಿಗೆಯೊಡನೆ ಗುರು ಕಲಿಸುತ್ತಿದ್ದುದು ಆ ನಿಧಾನವನ್ನೇ. ಯಂತ್ರ ಅಂಗಡಿಯಲ್ಲಿ ಸಿಗುತ್ತದೆ. ನಿಧಾನವನ್ನು ನಾವೇ ಕೂಡಿಸಿಕೊಳ್ಳಬೇಕು.