ಹೆಬ್ಬೆಟ್ಟು ನಮ್ಮದು, ಎಚ್ಚರವೂ ನಮ್ಮದೇ

ಹಿಂದೆ ಊರಿಗೆ ಹೊಸಬರು ಬಂದರೆ “ಯಾರ ಮನೆಯವರಮ್ಮಾ?” ಎಂದು ಕೇಳುತ್ತಿದ್ದೆವು. ಅತ್ತೆಯ ಹೆಸರೋ ಮಾವನ ಹೆಸರೋ ಹೇಳಿದರೆ ಗುರುತು ಸಿಕ್ಕಿಬಿಡುತ್ತಿತ್ತು. ಈಗ ಕೊಳ್ಳೇಗಾಲವಾಗಲಿ, ಹನೂರಾಗಲಿ, ಯಳಂದೂರಾಗಲಿ, ಮೊದಲು ಕೇಳುವುದು ಆಧಾರ್ ಕಾರ್ಡು. 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯ ಹಣಕ್ಕೂ ಅದೇ ಬೇಕು. ಇದರಲ್ಲಿ ತಪ್ಪೇನಿಲ್ಲ. ನಮ್ಮ ಹೆಸರಿನ ದುಡ್ಡು ಬೇರೆಯವರ ಕೈ ಸೇರಬಾರದಲ್ಲ!

ಆದರೆ ಪಕ್ಕದ ಮನೆಯವರು ಸಕ್ಕರೆ ಕೇಳಿದರೆ ಒಂದು ಲೋಟ ಕೊಡುತ್ತೇವೆಯೇ ಹೊರತು ಡಬ್ಬಿಯನ್ನೇ ಎತ್ತಿಕೊಡುವುದಿಲ್ಲ. ಗುರುತು ಕೊಡುವಾಗಲೂ ಇದೇ ಅಳತೆ ಇರಬೇಕು.

ಖಾಸಗಿತನ ಎಂಬುದು ಓದಿದವರ ದೊಡ್ಡ ಮಾತು ಎಂದುಕೊಳ್ಳಬೇಡಿ. ಅದಕ್ಕಾಗಿ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಅದು ಮೂಲಭೂತ ಹಕ್ಕು ಎಂದರು. ಸರ್ಕಾರದ ಸಹಾಯಧನಕ್ಕೆ ಆಧಾರ್ ಕೇಳಬಹುದು, ಆದರೆ ಮೊಬೈಲ್ ಸಿಮ್ಮಿಗೆ ಕಡ್ಡಾಯ ಮಾಡುವಂತಿಲ್ಲ ಎಂದು 2018ರಲ್ಲಿ ತೀರ್ಪಾಯಿತು.

ಇಷ್ಟೆಲ್ಲ ಎಚ್ಚರ ಯಾಕೆ ಅಂತೀರಾ? 2023ರಲ್ಲಿ ನಮ್ಮ ರಾಜ್ಯದಲ್ಲೇ, ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಬಯಲಾದವು. ಬೀಗ ಕೆಟ್ಟರೆ ಬೇರೆ ತರಬಹುದು, ಹೆಬ್ಬೆಟ್ಟು ಬದಲಾಯಿಸಲಾದೀತೆ?

ಆದ್ದರಿಂದ ಸಹೋದರಿಯರೇ, ಇಷ್ಟು ನೆನಪಿಡಿ:

* ಆಧಾರಿನ ಝೆರಾಕ್ಸ್ ಕೊಡುವಾಗ, ಯಾವ ಕೆಲಸಕ್ಕೆ ಎಂಬುದನ್ನೂ ತಾರೀಖನ್ನೂ ಅದರ ಮೇಲೇ ಬರೆದು ಸಹಿ ಮಾಡಿ.

* ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಉಂಟು. ಬರೀ ಗುರುತು ತೋರಿಸಬೇಕಾದ ಕಡೆ ಅದು ಸಾಕೇ ಎಂದು ಕೇಳಿ.

* ಆಧಾರಿನ ಬೆರಳಚ್ಚಿಗೆ ಲಾಕ್ ಹಾಕಿಸಬಹುದು, ಬೇಕಾದಾಗ ತೆಗೆಯಬಹುದು. ಮಗನೋ ಮಗಳೋ ಮೊಬೈಲಿನಲ್ಲಿ ಮಾಡಿಕೊಟ್ಟಾರು.

* ಹೆಬ್ಬೆಟ್ಟು ಒತ್ತಿ ಹಣ ತೆಗೆಯುವಾಗ “ಬೀಳಲಿಲ್ಲ, ಇನ್ನೊಂದ್ ಸಲ ಒತ್ತಮ್ಮ” ಎಂದರೆ, ಮೊದಲು ಮೊಬೈಲಿನ ಮೆಸೇಜು ನೋಡಿ. ರಸೀದಿ ಕೇಳಿ ಪಡೆಯಿರಿ.

* ಫೋನಿನಲ್ಲಿ ಯಾರು ಕೇಳಿದರೂ ಓಟಿಪಿ ಹೇಳಬೇಡಿ. ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ.

“ಪರಿಚಯದ ಹುಡುಗ, ಕೇಳಿದರೆ ಏನಂದುಕೊಳ್ಳುತ್ತಾನೋ” ಎಂಬ ಸಂಕೋಚವೇ ನಮಗೆ ಜಾಸ್ತಿ. ತರಕಾರಿಯವಳ ತಕ್ಕಡಿ ನೋಡಿದರೆ ಅವಳನ್ನು ಕಳ್ಳಿ ಅಂದ ಹಾಗಾಯಿತೇ? ಯಾಕೆ ಬೇಕು, ಎಷ್ಟು ಬೇಕು ಎಂದು ಕೇಳುವುದು ಅಪನಂಬಿಕೆಯಲ್ಲ ಕಣ್ರೀ. ನೆಟ್ಟಗಿರುವವನು ಬೇಸರ ಮಾಡಿಕೊಳ್ಳದೆ ಉತ್ತರ ಹೇಳುತ್ತಾನೆ. ಹೇಳದೆ ಗದರಿದರೆ, ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಬನ್ನಿ.